ವಿಶ್ವವಿದ್ಯಾಲಯದ ಪಾಠದಲ್ಲಿ ಎಐ: ದಾವಣಗೆರೆ, ಚಿತ್ರದುರ್ಗದ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಇತಿಹಾಸ ಕಲಿಸುವ ಅಧ್ಯಾಪಕಿ. ಚಾಟ್‌ಜಿಪಿಟಿ ಎಂಬ ಎಐ (ಕೃತಕ ಬುದ್ಧಿಮತ್ತೆ) ಸಾಧನ ಸಾರ್ವಜನಿಕರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಮುಂದಿನ ಸೆಮಿಸ್ಟರಿನಲ್ಲೇ ನನ್ನ ಮೇಜಿಗೆ ಬಂದ ಅಸೈನ್‌ಮೆಂಟ್‌ಗಳ ಧಾಟಿ ಬದಲಾಗಿತ್ತು. ಅಂದಿನಿಂದ ಮೌಲ್ಯಮಾಪನ ಕೇಂದ್ರದ ಚಹಾ ವಿರಾಮದಲ್ಲಿ, ತೋಳಹುಣಸೆಯ ಬಸ್ಸಿನಲ್ಲಿ, ಚಿತ್ರದುರ್ಗದ ಗೆಳತಿಯರ ಫೋನಿನಲ್ಲಿ ಅವೇ ಪ್ರಶ್ನೆಗಳು ಎದುರಾಗುತ್ತಿವೆ. ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಎದ್ದು ಬರುವ ಬದಲು ಪೂರ್ತಿ ಬರೆದಿದ್ದೇನೆ. ಇವು ಯಾವ ವಿಶ್ವವಿದ್ಯಾಲಯದ ನಿಯಮಗಳೂ ಅಲ್ಲ, ಒಬ್ಬ ಅಧ್ಯಾಪಕಿಯ ಅನುಭವ ಮತ್ತು ಓದು.

ಎಐ ಬಳಸುವುದೇ ತಪ್ಪೇ?

ಅಲ್ಲ. ವಿದ್ಯಾರ್ಥಿ ಮಾಡಿ ಕಲಿಯಬೇಕಾದ ಕೆಲಸವನ್ನು ಯಂತ್ರ ಮಾಡಿದರೆ ಅಲ್ಲಿ ಕಲಿಕೆ ನಡೆಯಲಿಲ್ಲ. ಅಧ್ಯಾಪಕರು ಯೋಚಿಸಿ ತೀರ್ಮಾನಿಸಬೇಕಾದುದನ್ನು ಯಂತ್ರ ತೀರ್ಮಾನಿಸಿದರೆ ಬೋಧನೆಯೂ ನಡೆಯಲಿಲ್ಲ. ಮೊದಲನೆಯದರ ಬಗ್ಗೆ ನಾವು ಸಭೆ ಸಭೆಗಳಲ್ಲಿ ಮಾತನಾಡುತ್ತೇವೆ, ಎರಡನೆಯದರ ಬಗ್ಗೆ ಬಾಯಿ ತೆರೆಯುವುದಿಲ್ಲ. ವಿದ್ಯಾರ್ಥಿಗಳು ಏನು ಮಾಡಬಾರದು ಎಂಬ ಪಟ್ಟಿ ಎಲ್ಲ ವಿಭಾಗಗಳಲ್ಲೂ ಸಿಕ್ಕೀತು. ನಾವು ಏನು ಮಾಡಬಾರದು ಎಂಬ ಪಟ್ಟಿ ಅದಕ್ಕಿಂತ ಮೊದಲು ಬರಬೇಕು. ಮುಂದಿನ ಉತ್ತರಗಳನ್ನೆಲ್ಲ ಆ ನಂಬಿಕೆಯಿಂದಲೇ ಬರೆದಿದ್ದೇನೆ.

ಇಷ್ಟು ಜಾಣ ಯಂತ್ರ ಅಷ್ಟೊಂದು ಧೈರ್ಯವಾಗಿ ಸುಳ್ಳು ಹೇಳುವುದೇಕೆ?

ಅದಕ್ಕೆ ಸುಳ್ಳೂ ಗೊತ್ತಿಲ್ಲ, ನಿಜವೂ ಗೊತ್ತಿಲ್ಲ. ಅಪಾರ ಬರಹವನ್ನು ಅರೆದು ಕುಡಿದ ಒಂದು ಲೆಕ್ಕಾಚಾರ ಅದು. ಈ ಪದದ ನಂತರ ಯಾವ ಪದ ಬಂದರೆ ಹೊಂದುತ್ತದೆ ಎಂದು ಅಂದಾಜಿಸುತ್ತಾ ಸಾಲು ಕಟ್ಟುತ್ತದೆ. ಹೆಚ್ಚು ಜನ ಹೆಚ್ಚು ಬಾರಿ ಬರೆದ ವಿಷಯದಲ್ಲಿ ಅಂದಾಜು ಸರಿ ಬೀಳುತ್ತದೆ. ಯಾರೂ ಹೆಚ್ಚು ಬರೆಯದ ವಿಷಯದಲ್ಲೂ ಅದು ಸುಮ್ಮನಿರುವುದಿಲ್ಲ, ಹೊಂದುವಂಥ ಸಾಲನ್ನೇ ಕಟ್ಟಿ ಕೊಡುತ್ತದೆ.

ಚಿತ್ರದುರ್ಗದ ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿ ಕದಂಬ ಮಯೂರಶರ್ಮನ ಬಂಡೆಗಲ್ಲಿನ ಶಾಸನವಿದೆ. ಪ್ರಾಕೃತದಲ್ಲಿರುವ ಮೂರೇ ಸಾಲು, ಒಂದು ಕೆರೆಯ ಪ್ರಸ್ತಾಪ. ಎಂ.ಎಚ್. ಕೃಷ್ಣ ಅವರು 1929ರ ಮೈಸೂರು ಪುರಾತತ್ವ ವರದಿಯಲ್ಲಿ ಅದನ್ನು ಓದಿ ಕೊಟ್ಟರು. ಅಕ್ಷರಗಳು ಸವೆದಿರುವುದರಿಂದ ಆ ಓದಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ತರಗತಿಗೆ ಹೋಗುವ ಮುನ್ನ ಒಮ್ಮೆ ಒಂದು ಎಐ ಬಳಿ ಆ ಶಾಸನದ ಪಠ್ಯ ಕೇಳಿದೆ. ಹನ್ನೊಂದು ಸಾಲು ಕೊಟ್ಟಿತು, ಅದೂ ಸಂಸ್ಕೃತದಲ್ಲಿ, ಕೆಳಗೆ ಪುಟಸಂಖ್ಯೆ ಬೇರೆ. ಶಾಸನವನ್ನು ಕಣ್ಣಾರೆ ನೋಡದವರು ನಂಬಿಬಿಡುವಷ್ಟು ಚೆನ್ನಾಗಿತ್ತು.

ನಂಬಿದವರಿಗೆ ಆದದ್ದೂ ಗೊತ್ತಿರಲಿ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಹೇಳಿದ ಹಳೆಯ ತೀರ್ಪುಗಳನ್ನು ಪರಿಶೀಲಿಸದೆ ನ್ಯಾಯಾಲಯಕ್ಕೆ ಕೊಟ್ಟರು. ಅಂಥ ತೀರ್ಪುಗಳೇ ಇರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಎಐ ಕೊಡುವ ಪ್ರತಿ ಉಲ್ಲೇಖವನ್ನೂ ಮೂಲದಲ್ಲಿ ತೆರೆದು ನೋಡದೆ ಬಳಸಬಾರದು. ವಿದ್ಯಾರ್ಥಿಗೂ ಇದೇ ನಿಯಮ, ಪ್ರಾಧ್ಯಾಪಕರಿಗೂ ಇದೇ ನಿಯಮ.

ಕನ್ನಡದಲ್ಲಿ ಕೇಳಿದರೆ ಉತ್ತರ ಸಪ್ಪೆಯಾಗಿರುತ್ತದೆ. ನಮ್ಮ ಪ್ರಶ್ನೆಯೇ ಸರಿಯಿಲ್ಲವೇ?

ಪ್ರಶ್ನೆ ಸರಿಯಾಗಿಯೇ ಇದೆ. ಈ ಯಂತ್ರಗಳು ಓದಿದ ಬರಹದಲ್ಲಿ ಇಂಗ್ಲಿಷಿನದೇ ಸಿಂಹಪಾಲು, ಕನ್ನಡದ್ದು ತೀರ ಸಣ್ಣ ಪಾಲು. ಜೊತೆಗೆ ಅವು ಪಠ್ಯವನ್ನು ತುಂಡು ತುಂಡಾಗಿ ಒಡೆದು ಓದುತ್ತವೆ. ಕನ್ನಡದ ಪದ ಇಂಗ್ಲಿಷ್ ಪದಕ್ಕಿಂತ ಹೆಚ್ಚು ತುಂಡಾಗುವುದರಿಂದ ಅಷ್ಟೇ ಮಾತಿಗೆ ಖರ್ಚು ಜಾಸ್ತಿ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಈ ಕೊರತೆ ತುಂಬಲು ದುಡಿಯುತ್ತಿವೆ. ಸದ್ಯಕ್ಕೆ, ಇಂಗ್ಲಿಷಿನಲ್ಲಿ ಕೇಳಿದವನಿಗೆ ಒಳ್ಳೆಯ ಉತ್ತರ, ಕನ್ನಡದಲ್ಲಿ ಕೇಳಿದವಳಿಗೆ ಕಳಪೆ ಉತ್ತರ ಸಿಗುತ್ತಿದೆ ಎಂಬುದನ್ನು ಅಂಕ ಕೊಡುವಾಗ ನಾವು ನೆನಪಿಡಬೇಕು.

ಎಐ ಬರಹವನ್ನು ಪತ್ತೆ ಮಾಡುವ ತಂತ್ರಾಂಶ ಶೇ. 80 ಎಐ ಎಂದು ತೋರಿಸಿತು. ಸೊನ್ನೆ ಹಾಕಬಹುದೇ?

ದಯವಿಟ್ಟು ಹಾಕಬೇಡಿ.

ಚಾಟ್‌ಜಿಪಿಟಿಯನ್ನು ಕಟ್ಟಿದ ಓಪನ್‌ಎಐ ಸಂಸ್ಥೆಯೇ 2023ರ ಆರಂಭದಲ್ಲಿ ಒಂದು ಪತ್ತೆ ಸಾಧನ ಬಿಡುಗಡೆ ಮಾಡಿತ್ತು. ಅವರದೇ ಲೆಕ್ಕದಲ್ಲಿ ಅದು ಎಐ ಬರೆದ ಪಠ್ಯದಲ್ಲಿ ಶೇ. 26ರಷ್ಟನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ಎಐ ಎಂದು ತಪ್ಪಾಗಿ ಗುರುತಿಸುತ್ತಿತ್ತು. ಜುಲೈ ಹೊತ್ತಿಗೆ ಅದನ್ನು ಹಿಂತೆಗೆದುಕೊಂಡರು. ಶೇ. 9 ಎಂದರೆ ಸಣ್ಣ ಸಂಖ್ಯೆ ಅನ್ನಿಸಬಹುದು. ಅರವತ್ತು ಮಂದಿ ಸ್ವಂತವಾಗಿ ಬರೆದ ತರಗತಿಯಲ್ಲಿ ಐದು ಮಂದಿ ಕಳ್ಳರಾಗುತ್ತಾರೆ. ಆಮೇಲೆ ಬಂದ ಸಾಧನಗಳು ಸುಧಾರಿಸಿರಬಹುದು, ಆದರೆ ಅವು ಕೊಡುವುದೂ ಅಂದಾಜನ್ನೇ, ಸಾಕ್ಷ್ಯವನ್ನಲ್ಲ.

ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್ ಪ್ರಾವೀಣ್ಯ ಅಳೆಯುವ ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇ. 61ರಷ್ಟು ಪ್ರಬಂಧಗಳನ್ನು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಲಾಯಿತು. ಕಾರಣ ಸರಳ. ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಕೆಲವೇ ಪದಗಳನ್ನು, ಸುರಕ್ಷಿತವಾದ ವಾಕ್ಯಗಳನ್ನು ಬಳಸುತ್ತಾರೆ. ಪತ್ತೆ ಸಾಧನ ಹುಡುಕುವುದೂ ಮುಂದಿನ ಪದವನ್ನು ಸುಲಭವಾಗಿ ಊಹಿಸಬಹುದಾದ ಅಂಥ ಬರಹವನ್ನೇ. ಈ ವಿವರಣೆ ಓದಿದಾಗ ನನಗೆ ನಮ್ಮ ತರಗತಿಯ ಅರ್ಧಕ್ಕರ್ಧ ಮುಖಗಳು ಕಣ್ಣ ಮುಂದೆ ಬಂದವು.

ಇದನ್ನು ಓದುವ ಮೊದಲು ನಾನೇ ಆ ತಪ್ಪು ಮಾಡಿದ್ದೆ. ಜಗಳೂರು ಕಡೆಯ ಒಬ್ಬ ವಿದ್ಯಾರ್ಥಿನಿ, ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು, ಎಂ.ಎ. ಅಸೈನ್‌ಮೆಂಟನ್ನು ಇಂಗ್ಲಿಷಿನಲ್ಲಿ ಬರೆದಿದ್ದಳು. ತಂತ್ರಾಂಶ ಕೆಂಪು ಬಣ್ಣ ತೋರಿಸಿತು. ಕರೆದು, ಉಳಿದವರ ಎದುರಿನಲ್ಲೇ ಕೇಳಿದೆ. ಅವಳು ಮಾತನಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಇಡೀ ಪ್ರಬಂಧವನ್ನು ಮೊದಲು ಕನ್ನಡದಲ್ಲಿ ಬರೆದು, ನಿಘಂಟು ಇಟ್ಟುಕೊಂಡು ಪೆನ್ಸಿಲಿನಲ್ಲಿ ಇಂಗ್ಲಿಷಿಗೆ ತಂದಿದ್ದಳು. ಹೊಡೆದು ಹಾಕಿದ ಪದಗಳು, ಅಂಚಿನಲ್ಲಿ ಅರ್ಥಗಳು. ತರಗತಿಯ ಎದುರಿನಲ್ಲೇ ಅನುಮಾನಿಸಿದ್ದೆ, ಹಾಗಾಗಿ ತರಗತಿಯ ಎದುರಿನಲ್ಲೇ ಕ್ಷಮೆ ಕೇಳಿದೆ. ಆದರೂ ಅವಳು ಆ ಸೆಮಿಸ್ಟರ್ ಪೂರ್ತಿ ಹಿಂದಿನ ಬೆಂಚಿನಲ್ಲಿ ಕುಳಿತಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹಾಗಾದರೆ ಸ್ವಂತ ಕೆಲಸವೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಮುಗಿದ ಪುಟವನ್ನು ನೋಡಿ ತಿಳಿಯುವುದು ಕಷ್ಟ. ಪುಟ ಹುಟ್ಟಿದ ದಾರಿಯನ್ನು ನೋಡಬೇಕು. ಕರಡು ಕೇಳಿ. ಓದಿದ ಪುಸ್ತಕದಲ್ಲಿ ಗುರುತು ಹಾಕಿದ ಪುಟ ತೋರಿಸಲು ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಎದುರು ಕೂರಿಸಿ ಮಾತನಾಡಿಸಿ. ನನ್ನ ತರಗತಿಯಲ್ಲಿ ಎಪ್ಪತ್ತು ಮಂದಿ ಇದ್ದಾರೆ. ತಲೆಗೆ ಮೂರು ನಿಮಿಷದಂತೆ ಮೂರೂವರೆ ಗಂಟೆ, ವಾರದಲ್ಲಿ ಹಂಚಿಕೊಂಡರೆ ಆಗುವ ಕೆಲಸ. ನೂರ ಇಪ್ಪತ್ತು ಮಂದಿಯನ್ನು ಒಬ್ಬರೇ ನೋಡಿಕೊಳ್ಳುವ, ಎರಡು ಕಾಲೇಜುಗಳಿಗೆ ಓಡಾಡುವ ಅತಿಥಿ ಉಪನ್ಯಾಸಕರಿಗೆ ಇದು ಹೊರೆ ಎಂಬುದು ನಿಜ. ಅಂಥವರು ಕ್ರಮಸಂಖ್ಯೆಗಳ ಚೀಟಿ ಎತ್ತಿ ಇಪ್ಪತ್ತು ಮಂದಿಯನ್ನು ಕರೆದರೂ ಸಾಕು. ಯಾರನ್ನು ಕರೆಯುತ್ತಾರೆಂದು ಮೊದಲೇ ಗೊತ್ತಿರಬಾರದು, ಅಷ್ಟೇ. ಅನುಮಾನ ಬಂದವರನ್ನು ಮಾತ್ರ ಕರೆಯಬೇಡಿ.

ಪ್ರಶ್ನೆಯನ್ನೂ ಬದಲಿಸಿ. ‘ಮಾರಿ ಕಣಿವೆ ಅಣೆಕಟ್ಟೆಯ ಇತಿಹಾಸ ವಿವರಿಸಿ’ ಎಂದರೆ ಯಂತ್ರ ಅರ್ಧ ನಿಮಿಷದಲ್ಲಿ ಬರೆದು ಕೊಡುತ್ತದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ‘2022ರ ಆ ದಿನ ಹಿರಿಯೂರಿನಲ್ಲಿ ನಿಮ್ಮ ಮನೆಯವರು, ನೆರೆಯವರು ಏನು ಕಂಡರು? 1933ರ ಬಗ್ಗೆ ಹಿರಿಯರಿಂದ ಏನು ಕೇಳಿದ್ದರು? ಇಬ್ಬರನ್ನು ಮಾತನಾಡಿಸಿ, ಪತ್ರಿಕೆಯ ವರದಿಯೊಂದಿಗೆ ಹೋಲಿಸಿ’ ಎಂದು ಕೇಳಿ. ದಾವಣಗೆರೆಯವರಿಗೆ ಮುಚ್ಚಿದ ಹತ್ತಿ ಗಿರಣಿಗಳ ಕಾರ್ಮಿಕರಿದ್ದಾರೆ, ಮಂಡಕ್ಕಿ ಭಟ್ಟಿಗಳಿವೆ, ಮೆಕ್ಕೆಜೋಳದ ಮಾರುಕಟ್ಟೆ ಇದೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವಾಣಿಜ್ಯ ಯಾವ ವಿಭಾಗವಾದರೂ ಮಕ್ಕಳನ್ನು ಅಲ್ಲಿಗೆ ಕಳಿಸಬಹುದು. ಯಂತ್ರಕ್ಕೆ ಅಲ್ಲಿಗೆ ಹೋಗಲು ಕಾಲಿಲ್ಲ. ಸಂದರ್ಶನವನ್ನೂ ಕಟ್ಟಿ ಬರೆಯಬಹುದಲ್ಲ ಎಂದು ಒಬ್ಬರು ಕೇಳಿದರು. ಬರೆಯಬಹುದು. ಮೂರು ನಿಮಿಷದ ಮಾತಿನಲ್ಲಿ ‘ಆ ಅಜ್ಜನ ಮನೆ ಎಲ್ಲಿ, ಹೋದಾಗ ಏನು ಮಾಡುತ್ತಿದ್ದರು’ ಎಂದು ಕೇಳಿದರೆ ಹೋದವರ ಮುಖ ಅರಳುತ್ತದೆ.

ಇನ್ನೊಂದು ಅಭ್ಯಾಸ ನನಗೆ ಬಹಳ ಇಷ್ಟ. ಎಐ ಕೊಟ್ಟ ಉತ್ತರವನ್ನೇ ಅಚ್ಚು ಹಾಕಿಸಿ ಹಂಚುತ್ತೇನೆ. ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಸಂಪುಟ, ಪುರಾತತ್ವ ವರದಿಗಳನ್ನು ಪಕ್ಕದಲ್ಲಿಟ್ಟು ತಪ್ಪು ಹುಡುಕಲು ಹೇಳುತ್ತೇನೆ. ಆ ಹನ್ನೊಂದು ಸಾಲಿನ ಚಂದ್ರವಳ್ಳಿ ‘ಶಾಸನ’ ಈಗ ನನ್ನ ಮೆಚ್ಚಿನ ಪಠ್ಯ. ಯಾವತ್ತೂ ಕೈ ಎತ್ತದವರು ಅಂದು ಕೈ ಎತ್ತುತ್ತಾರೆ.

ವಿದ್ಯಾರ್ಥಿಗಳು ಎಷ್ಟು ಬಳಸಬಹುದು? ಬಳಸಿದ್ದನ್ನು ಹೇಗೆ ಹೇಳಬೇಕು?

ಎಷ್ಟು ಎಂಬುದು ಆ ಅಸೈನ್‌ಮೆಂಟ್ ಏನನ್ನು ಕಲಿಸಲು ಹೊರಟಿದೆ ಎಂಬುದರ ಮೇಲೆ ನಿಂತಿದೆ. ಇಂಗ್ಲಿಷ್ ಬರವಣಿಗೆಯ ಪತ್ರಿಕೆಯಲ್ಲಿ ವ್ಯಾಕರಣವನ್ನು ಯಂತ್ರ ತಿದ್ದಿದರೆ ಕಲಿಕೆಯೇ ಹೋಯಿತು. ಸಸ್ಯಶಾಸ್ತ್ರದ ಪ್ರಾಜೆಕ್ಟ್ ವರದಿಯಲ್ಲಿ ಅದೇ ತಿದ್ದುಪಡಿಗೆ ನನ್ನ ಅಡ್ಡಿಯಿಲ್ಲ. ಕಾಯಂ ಅಳತೆಗೋಲು ಬೇಡ, ಪ್ರತಿ ಅಸೈನ್‌ಮೆಂಟಿನ ಪಕ್ಕದಲ್ಲೇ ಬರೆಯಿರಿ.

ಹೇಳುವ ರೀತಿ ಸರಳವಾಗಿರಲಿ. ಕೊನೆಯಲ್ಲಿ ಎರಡು ಸಾಲು: ಯಾವ ಸಾಧನ, ಯಾವ ದಿನ, ಯಾವ ಕೆಲಸಕ್ಕೆ, ಬಂದದ್ದನ್ನು ಏನು ಬದಲಿಸಿದೆ. ಹೇಳಿದವರ ಅಂಕ ಕಡಿಮೆ ಮಾಡಬೇಡಿ. ಒಮ್ಮೆ ಕಡಿಮೆ ಮಾಡಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಇದನ್ನು ವಿವರಿಸಲು ನಾನು ತರಗತಿಗೆ ಮೊಳಕಾಲ್ಮೂರಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ತರುತ್ತೇನೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಶಾಸನ ಅದು. ತಂದೆ ತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯರು ಆಚಾರ್ಯರನ್ನು ಗೌರವಿಸಬೇಕು ಎಂಬ ಚಕ್ರವರ್ತಿಯ ಮಾತುಗಳ ಕೊನೆಯಲ್ಲಿ, ಇದನ್ನು ಬರೆದವನು ಲಿಪಿಕಾರ ಚಪಡ ಎಂದಿದೆ. ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಮಾತು ಯಾರದು, ಬರೆದ ಕೈ ಯಾರದು ಎಂಬುದು ಕಲ್ಲಿನ ಮೇಲೆಯೇ ಇದೆ. ಚಪಡ ಹೇಳಿಕೊಂಡಷ್ಟನ್ನು ನೀವೂ ಹೇಳಿ ಎಂದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನೋಟ್ಸ್, ಪಿಪಿಟಿ, ಪ್ರಶ್ನೆಪತ್ರಿಕೆಗೆ ನಾನು ಬಳಸಬಹುದೇ?

ನೋಟ್ಸ್, ಪಿಪಿಟಿಗೆ ಬಳಸಿ, ಆದರೆ ಪ್ರತಿ ಸಾಲಿಗೂ ನೀವೇ ಹೊಣೆ. ಇಂಗ್ಲಿಷಿನಲ್ಲಷ್ಟೇ ಇರುವ ಲೇಖನವೊಂದನ್ನು ಕನ್ನಡಕ್ಕೆ ತರುವುದು ನಾನು ಕಂಡ ಅತ್ಯುತ್ತಮ ಉಪಯೋಗ. ಕನ್ನಡ ಮಾಧ್ಯಮದವರಿಗೆ ಸ್ನಾತಕೋತ್ತರ ಹಂತದಲ್ಲಿ ಓದಲು ಸಿಗುವುದು ಎಷ್ಟು ಕಡಿಮೆ ಎಂದು ನಮಗೆಲ್ಲ ಗೊತ್ತು. ಪಾರಿಭಾಷಿಕ ಪದಗಳನ್ನು ಮಾತ್ರ ಒಂದೊಂದಾಗಿ ನೋಡಿ. ಒಂದೇ ಪುಟದಲ್ಲಿ ಒಂದೇ ಪದಕ್ಕೆ ಮೂರು ಅನುವಾದ ಬಂದದ್ದನ್ನು ನಾನು ತಿದ್ದಿದ್ದೇನೆ.

ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಸಾರ್ವಜನಿಕ ಎಐಗೆ ಹಾಕಲೇಬೇಡಿ. ‘ಸ್ವಲ್ಪ ಇಂಗ್ಲಿಷ್ ತಿದ್ದು’ ಎಂದು ಹಾಕಿದರೂ ಗೋಪ್ಯವಾದದ್ದು ನಿಮ್ಮ ಕೈಬಿಟ್ಟು ಹೋಯಿತು.

ಉತ್ತರಪತ್ರಿಕೆ ತಿದ್ದಲು?

ಅಂಕ ಕೊಡುವ ಕೆಲಸ ಬೇಡ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ ಕಲಿಕೆಯ ಫಲಿತಾಂಶ ಅಳೆಯುವ, ಪ್ರವೇಶ ನಿರ್ಧರಿಸುವ ಎಐಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ, ತರಗತಿಯಲ್ಲಿ ಮುಖ ನೋಡಿ ಭಾವನೆ ಅಳೆಯುವ ಎಐಗಳನ್ನಂತೂ ನಿಷೇಧಿಸಿದೆ. ಆ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ, ಅದರ ಹಿಂದಿನ ಆತಂಕ ಮಾತ್ರ ಇಲ್ಲಿಗೂ ಸಲ್ಲುತ್ತದೆ. ನನಗೇಕೆ ಹದಿನೆಂಟು ಅಂಕ ಎಂದು ಕೇಳಿಕೊಂಡು ಬಂದವರಿಗೆ ಉತ್ತರ ಕೊಡಬೇಕಾದವರು ನಾವು. ನಾವೇ ಓದದ ಉತ್ತರದ ಬಗ್ಗೆ ಏನು ಹೇಳುವುದು?

ವಿದ್ಯಾರ್ಥಿಗಳ ಮಾಹಿತಿಯನ್ನು ಎಐಗೆ ಕೊಡಬಹುದೇ?

ಹೆಸರು, ನೋಂದಣಿ ಸಂಖ್ಯೆ, ಫೋನ್, ಜಾತಿ, ಆದಾಯ, ಕಾಯಿಲೆ ಯಾವುದನ್ನೂ ಕೊಡಬೇಡಿ. ಆಂತರಿಕ ಅಂಕಗಳ ಪಟ್ಟಿಯನ್ನು ಇಡಿಯಾಗಿ ಹಾಕಿ ‘ಸರಾಸರಿ ತೆಗೆದುಕೊಡು’ ಎನ್ನುವವರನ್ನು ಕಂಡಿದ್ದೇನೆ. ಅದಕ್ಕೆ ಎಕ್ಸೆಲ್ ಸಾಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಅದರ ಪ್ರಕಾರ ಹದಿನೆಂಟು ತುಂಬದವರು ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಪದವಿಯ ಮೊದಲ ಸೆಮಿಸ್ಟರಿನಲ್ಲಿ ಅಂಥವರು ಎಷ್ಟು ಮಂದಿ ಕುಳಿತಿರುತ್ತಾರೆ ಎಂದು ಹಾಜರಿ ಪುಸ್ತಕ ನೋಡಿ. ಆಪ್ತ ಸಮಾಲೋಚನೆಯಲ್ಲಿ ಅವರು ಅತ್ತು ಹೇಳಿಕೊಂಡದ್ದನ್ನು ಯಂತ್ರದ ಬಳಿ ಹೇಳಿ ಸಲಹೆ ಕೇಳುವುದಕ್ಕೆ ಕಾನೂನು ಅಡ್ಡಿಯಾಗಲಿ ಬಿಡಲಿ, ಅದು ಅವರ ನಂಬಿಕೆಗೆ ಬಗೆದ ದ್ರೋಹ.

ಪಿಎಚ್.ಡಿ. ಪ್ರಬಂಧದ ಗತಿ ಏನು? ಸಾಮ್ಯತೆ ಶೇ. 10ಕ್ಕಿಂತ ಕಡಿಮೆ ಬಂದರೆ ಸಾಕಲ್ಲವೇ?

ಎರಡು ಬೇರೆ ಸಂಗತಿಗಳು ಇಲ್ಲಿ ಕಲಸಿಹೋಗುತ್ತವೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳು ಅಳೆಯುವುದು ಸಾಮ್ಯತೆಯನ್ನು, ಅಂದರೆ ಈಗಾಗಲೇ ಇರುವ ಬರಹದೊಂದಿಗಿನ ಹೋಲಿಕೆಯನ್ನು. ಶೇ. 10ರವರೆಗೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಎಐ ಹೊಸದಾಗಿ ಕಟ್ಟಿದ ಪುಟ ಯಾವುದಕ್ಕೂ ಹೋಲದಿರಬಹುದು, ಸಾಮ್ಯತೆ ಶೇ. 2 ಬರಬಹುದು. ಆದರೂ ಅದು ಸಂಶೋಧನಾರ್ಥಿಯ ಕೆಲಸವಲ್ಲ. ಇನ್ನೊಬ್ಬರ ಪ್ಯಾರಾವನ್ನು ಎಐಗೆ ಕೊಟ್ಟು ಪದ ಬದಲಿಸಿ ಸಾಮ್ಯತೆ ಇಳಿಸಿಕೊಡುವ ‘ಸೇವೆ’ಗೆ ದರಪಟ್ಟಿಯೇ ಇದೆ. ಅದು ಕಳವು, ಬೇರೆ ಹೆಸರು ಬೇಡ.

ಪ್ರಕಾಶನ ನೀತಿಯ ಅಂತರರಾಷ್ಟ್ರೀಯ ಸಮಿತಿ ಕೋಪ್ 2023ರಲ್ಲೇ ಸ್ಪಷ್ಟಪಡಿಸಿದೆ: ಎಐ ಲೇಖಕನಾಗಲಾರದು, ಏಕೆಂದರೆ ಅದು ಬರಹದ ಹೊಣೆ ಹೊರಲಾರದು. ಪ್ರಬಂಧ ಕೃತಿಚೌರ್ಯ ಮುಕ್ತ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕುವ ಮಾರ್ಗದರ್ಶಕರು ತಂತ್ರಾಂಶದ ಸಂಖ್ಯೆಯನ್ನಷ್ಟೇ ನೋಡಿ ಸಹಿ ಹಾಕಬಾರದು. ಅಧ್ಯಾಯ ಅಧ್ಯಾಯವಾಗಿ ಓದಿದವರಿಗೆ ಧ್ವನಿ ಬದಲಾದ ಪುಟ ತಾನಾಗಿ ಕಾಣುತ್ತದೆ.

ಹಣ ಕೊಟ್ಟವರಿಗೆ ಒಳ್ಳೆಯ ಎಐ, ಉಳಿದವರಿಗೆ ಉಚಿತದ್ದು. ಇದು ನ್ಯಾಯವೇ?

ಅಲ್ಲ. ಆದ್ದರಿಂದ ಎಐ ಬಳಸಲೇಬೇಕಾದ ಕೆಲಸವನ್ನು ಮನೆಗೆ ಕೊಡಬೇಡಿ, ಪ್ರಯೋಗಾಲಯದಲ್ಲಿ ಎಲ್ಲರಿಗೂ ಒಂದೇ ಸಾಧನ ಇಟ್ಟು ಮಾಡಿಸಿ. ಮೊಬೈಲಿನಲ್ಲಿ ಸಿಗ್ನಲ್ ಸಿಗಲೆಂದು ಊರಾಚೆಯ ದಿಬ್ಬ ಹತ್ತುವ ವಿದ್ಯಾರ್ಥಿಗಳು ನಮ್ಮಲ್ಲಿ ಇನ್ನೂ ಇದ್ದಾರೆ.

ನಮ್ಮ ವಿಭಾಗದಲ್ಲಿ ನಿಯಮವೇ ಇಲ್ಲ. ಮೇಲಿನಿಂದ ಸುತ್ತೋಲೆ ಬರುವವರೆಗೆ ಕಾಯಬೇಕೇ?

ಕಾಯಬೇಡಿ. ಯುನೆಸ್ಕೋ 2023ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಮತ್ತು ಸಂಶೋಧನೆಯಲ್ಲಿ ಇಂಥ ಎಐ ಬಳಕೆಗೆ ಮಾರ್ಗಸೂಚಿ ಹೊರಡಿಸಿದೆ, ಓದಿ. ಆಮೇಲೆ ವಿಭಾಗದವರೆಲ್ಲ ಒಂದು ಮಧ್ಯಾಹ್ನ ಕುಳಿತು ಒಂದೇ ಪುಟ ಬರೆಯಿರಿ. ಅತಿಥಿ ಉಪನ್ಯಾಸಕರನ್ನೂ ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳನ್ನೂ ಕರೆಯಿರಿ. ಕನ್ನಡದಲ್ಲೇ ಬರೆಯಿರಿ, ಸೆಮಿಸ್ಟರಿನ ಮೊದಲ ದಿನ ತರಗತಿಯಲ್ಲಿ ಗಟ್ಟಿಯಾಗಿ ಓದಿ. ತಪ್ಪು ಮಾಡಿದವರಿಗೆ ಏನು, ಆರೋಪ ತಪ್ಪೆಂದು ವಿದ್ಯಾರ್ಥಿಗೆ ಅನ್ನಿಸಿದರೆ ಯಾರ ಬಳಿ ಹೋಗಬೇಕು ಎಂಬುದೂ ಅದರಲ್ಲಿರಲಿ.

ಒಬ್ಬ ವಿದ್ಯಾರ್ಥಿ ಎದ್ದು ನಿಂತು, ‘ಮೇಡಂ, ಈ ನೋಟ್ಸ್ ನೀವೇ ಬರೆದದ್ದೇ?’ ಎಂದು ಕೇಳಿದ. ಏನು ಹೇಳಲಿ?

ಇದ್ದದ್ದನ್ನು ಹೇಳಿ. ನನ್ನನ್ನೂ ಕೇಳಿದ್ದಾರೆ. ಆ ದಿನ ಹಂಚಿದ್ದ ನಾಲ್ಕು ಪುಟಗಳಲ್ಲಿ ಮೂರು ನನ್ನವು, ನಾಲ್ಕನೆಯದನ್ನು ಎಐ ಇಂಗ್ಲಿಷಿನಿಂದ ಅನುವಾದಿಸಿತ್ತು, ನಾನು ತಿದ್ದಿದ್ದೆ. ಹಾಗೆಂದೇ ಹೇಳಿದೆ. ಅಂದಿನಿಂದ ನನ್ನ ನೋಟ್ಸ್‌ನ ಅಡಿಯಲ್ಲೂ ಆ ಎರಡು ಸಾಲು ಇರುತ್ತವೆ: ಯಾವ ಸಾಧನ, ಯಾವ ದಿನ, ಯಾವ ಕೆಲಸಕ್ಕೆ, ಏನು ಬದಲಿಸಿದೆ.